ಕೆಂಜಾರು ಕಮರಿ ಮತ್ತು ದೆಹಲಿಯ ಕಡತ

ಮಂಗಳೂರಿನ ಬಜ್ಪೆಯ ಗುಡ್ಡದ ಮೇಲೆ ಎರಡನೆಯ ರನ್‌ವೇ ಕಟ್ಟಬಾರದೆಂದು ಊರಿನವರು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು 1997ರಲ್ಲಿ. ಅದೇ ರನ್‌ವೇಯ ಅಂಚು ದಾಟಿ ವಿಮಾನವೊಂದು ಕೆಂಜಾರಿನ ಕಮರಿಗೆ ಉರುಳಿದ್ದು 2010ರಲ್ಲಿ. ನಡುವಿನ ಹದಿಮೂರು ವರ್ಷಗಳಲ್ಲಿ ಈ ವಿಷಯ ರಾಜ್ಯದ ಹೈಕೋರ್ಟಿನ ಮುಂದೆ ಎರಡು ಸಲ, ಸುಪ್ರೀಂ ಕೋರ್ಟಿನ ಮುಂದೆ ಒಂದು ಸಲ ಬಂತು. ಕೇಂದ್ರದ ನಾಗರಿಕ ವಿಮಾನಯಾನ ಸಚಿವರ ಕುರ್ಚಿಯಲ್ಲಿ ಸಿ.ಎಂ. ಇಬ್ರಾಹಿಂ, ಅನಂತಕುಮಾರ್, ಶರದ್ ಯಾದವ್, ಶಾನವಾಜ್ ಹುಸೇನ್, ರಾಜೀವ್ ಪ್ರತಾಪ್ ರೂಡಿ, ಪ್ರಫುಲ್ ಪಟೇಲ್ ಹೀಗೆ ಆರು ಮಂದಿ ಕುಳಿತರು. ಮೊದಲ ಇಬ್ಬರು ನಮ್ಮ ರಾಜ್ಯದವರೇ. ಆದರೂ ಈ ಜಾಗದಲ್ಲಿ, ಇಷ್ಟೇ ಅಂಚು ಬಿಟ್ಟು ರನ್‌ವೇ ಮಾಡಬಹುದು ಎಂಬ ತೀರ್ಮಾನ ತನ್ನದು ಎಂದು ಹೇಳುವ ಒಬ್ಬ ವ್ಯಕ್ತಿಯೂ ಈ ಕಥೆಯಲ್ಲಿ ಎದುರಾಗುವುದಿಲ್ಲ. ನಮ್ಮ ವಿಮಾನಯಾನ ವ್ಯವಸ್ಥೆಯಲ್ಲಿ ಅಧಿಕಾರ ಒಂದು ಕಡೆ ಕೂತು ಹೊಣೆ ಇನ್ನೊಂದು ಕಡೆ ಬೀಳುವುದು ಹೇಗೆ ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಕಾಣುತ್ತಿಲ್ಲ.

ಬಜ್ಪೆಯಲ್ಲಿ ವಿಮಾನ ಇಳಿಯಲು ಶುರುವಾದದ್ದು 1951ರಲ್ಲಿ. ಮೊದಲ ರನ್‌ವೇಯ ಉದ್ದ ಸುಮಾರು 1,600 ಮೀಟರ್. ಗುಡ್ಡದ ನೆತ್ತಿಯನ್ನು ಸಮ ಮಾಡಿ ಹಾಸಿದ ಪಟ್ಟಿ ಅದು. ಎರಡೂ ತುದಿಯಲ್ಲಿ ನೆಲ ಕೆಳಕ್ಕೆ ಇಳಿಯುತ್ತದೆ. ಇಂಥದನ್ನು ಟೇಬಲ್‌ಟಾಪ್ ಎನ್ನುತ್ತಾರೆ. ಅದರ ಅಪಾಯ ಯಾರಿಗೂ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಮಳೆಗೆ ಒದ್ದೆಯಾದ ರನ್‌ವೇಯಲ್ಲಿ ನಿಲ್ಲದೆ ಮುಂದಕ್ಕೆ ಹೋಗಿ ಗುಡ್ಡದ ಅಂಚಿನಲ್ಲೇ ನಿಂತಿತ್ತು. ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ವೀರಪ್ಪ ಮೊಯ್ಲಿ ಅದರಲ್ಲಿದ್ದರು. ಯಾರ ಜೀವವೂ ಹೋಗಲಿಲ್ಲ. ವಿಮಾನ ಮಾತ್ರ ಮತ್ತೆ ಹಾರುವ ಸ್ಥಿತಿಯಲ್ಲಿ ಉಳಿಯಲಿಲ್ಲ.

ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಕರಾವಳಿಯ ಜನಕ್ಕೆ ನೇರ ವಿಮಾನ ಬೇಕಿತ್ತು, ದೊಡ್ಡ ವಿಮಾನಕ್ಕೆ ಉದ್ದದ ರನ್‌ವೇ ಬೇಕಿತ್ತು. ಈ ಬೇಡಿಕೆ ನ್ಯಾಯವಾದದ್ದು. ಅದನ್ನು ಬರಿಯ ರಾಜಕೀಯ ಪ್ರತಿಷ್ಠೆ ಎಂದು ತಳ್ಳಿಹಾಕಿದರೆ ದುಬೈಯಿಂದ ಮುಂಬೈಗೆ ಬಂದಿಳಿದು, ಅಲ್ಲಿಂದ ಬಸ್ಸು ಹಿಡಿದು ಊರು ಸೇರುತ್ತಿದ್ದ ಸಾವಿರಾರು ಕುಟುಂಬಗಳಿಗೆ ಅನ್ಯಾಯ ಮಾಡಿದಂತೆ. ವಿಮಾನ ನಿಲ್ದಾಣ ವಿಸ್ತರಣೆ ವಿರೋಧಿ ಸಮಿತಿ ಎತ್ತಿದ ಪ್ರಶ್ನೆಗಳಲ್ಲಿ ಭೂಮಿ ಕಳೆದುಕೊಳ್ಳುವ ಸಂಕಟ ಇತ್ತು, ಅದರ ಜೊತೆಗೆ ಶುದ್ಧ ಎಂಜಿನಿಯರಿಂಗ್ ಪ್ರಶ್ನೆಯೂ ಇತ್ತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಅವರ ಜೊತೆ ನಿಂತಿತು. ರನ್‌ವೇ ತುದಿಯಲ್ಲಿ ಸುರಕ್ಷತಾ ಜಾಗಕ್ಕೆ ನೆಲವೇ ಇಲ್ಲ, ಅವಘಡವಾದರೆ ತುರ್ತು ವಾಹನ ಕಮರಿಗೆ ಇಳಿಯಲು ದಾರಿಯಿಲ್ಲ, ವಿಮಾನ ತುಸು ಮುಂದೆ ಜಾರಿದರೂ ಬೀಳುವುದು ಕಣಿವೆಗೆ ಎಂಬುದು ಅವರ ವಾದದ ತಿರುಳು. ನಿಯಮಗಳನ್ನೆಲ್ಲ ಪಾಲಿಸುತ್ತೇವೆ ಎಂಬ ಸರ್ಕಾರದ ಕಡೆಯ ಭರವಸೆಯನ್ನು ನಂಬಿ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. 2003ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೂ ಮಧ್ಯ ಪ್ರವೇಶಿಸಲು ಒಪ್ಪಲಿಲ್ಲ; ಅನ್ವಯವಾಗುವ ಎಲ್ಲ ಕಾನೂನು ಮತ್ತು ಪರಿಸರ ನಿಯಮಗಳನ್ನು ಸರ್ಕಾರ ಪಾಲಿಸಬೇಕು ಎಂದಷ್ಟೇ ಸ್ಪಷ್ಟಪಡಿಸಿತು. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂತು.

ಇಲ್ಲಿ ಗಮನಿಸಬೇಕಾದ್ದು ಪಾಲನೆ ಎಂಬ ಶಬ್ದವನ್ನು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ರನ್‌ವೇ ತುದಿಯ ಸುರಕ್ಷತಾ ಪ್ರದೇಶಕ್ಕೆ ಎರಡು ಅಳತೆ ಹೇಳುತ್ತದೆ. 90 ಮೀಟರ್ ಇರಲೇಬೇಕು, ಸಾಧ್ಯವಾದ ಕಡೆ 240 ಮೀಟರ್ ಇರಲಿ. ಬಜ್ಪೆಯಲ್ಲಿ ಬಿಟ್ಟದ್ದು 90 ಮೀಟರ್. ಕಾಗದದ ಮೇಲೆ ಇದು ಪೂರ್ತಿ ಪಾಲನೆ. ಬಯಲು ಸೀಮೆಯಲ್ಲಿ 90 ಮೀಟರ್ ಆದ ಮೇಲೆ ಇನ್ನಷ್ಟು ಹೊಲವೋ ಗದ್ದೆಯೋ ಸಿಗುತ್ತದೆ. ಬಜ್ಪೆಯಲ್ಲಿ ಸಿಗುವುದು ಕಣಿವೆ. ಎರಡೂ ಕಡೆಯ ಪರಿಶೀಲನಾ ಪಟ್ಟಿಯಲ್ಲಿ ಬೀಳುವ ಟಿಕ್ ಗುರುತು ಒಂದೇ. ಅಧಿಕಾರಿ ಸುಳ್ಳು ಹೇಳಬೇಕಾಗಿಲ್ಲ, ಲಂಚ ತಿನ್ನಬೇಕಾಗಿಲ್ಲ. ಕನಿಷ್ಠ ಅಳತೆಯನ್ನು ಸಾಕು ಎಂದು ಬರೆದರೆ ಮುಗಿಯಿತು, ಕಡತ ಮುಂದಿನ ಮೇಜಿಗೆ ಹೋಗುತ್ತದೆ.

2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನದಲ್ಲಿ ಒಟ್ಟು 166 ಜನರಿದ್ದರು. ಹೆಚ್ಚಿನವರು ಕರಾವಳಿಯವರು, ಕಾಸರಗೋಡಿನವರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್‌ನ ಮಾತೇ ಇಲ್ಲ. ಇರುವುದು ಗೊರಕೆಯ ಸದ್ದು, ಭಾರವಾದ ಉಸಿರು. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟು ಕೂತಿತ್ತು. ಹಾಗಾಗಿ ಸುಮಾರು 130 ಮೈಲಿ ದೂರದಲ್ಲಿ ಕೇಳಿದ ಇಳಿಯುವ ಅನುಮತಿ ಸಿಕ್ಕಿದ್ದು 77 ಮೈಲಿಗೆ ಬಂದ ಮೇಲೆ. ಇಳಿಯಬೇಕಾದ ಎತ್ತರ ಅಷ್ಟೇ, ದೂರ ಮಾತ್ರ ಅರ್ಧದಷ್ಟು. ಆಗತಾನೇ ನಿದ್ದೆಯಿಂದ ಎದ್ದಿದ್ದ ಕ್ಯಾಪ್ಟನ್ ಅತಿ ಎತ್ತರದಿಂದ, ಅತಿ ವೇಗದಲ್ಲಿ ವಿಮಾನವನ್ನು ಇಳಿಸತೊಡಗಿದರು. ಇಳಿಸುವುದು ಬೇಡ, ಮೇಲೇರೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದರು. ನೆಲ ಸಮೀಪಿಸುತ್ತಿದೆ, ಮೇಲೆತ್ತು ಎಂದು ಯಂತ್ರದ ಎಚ್ಚರಿಕೆಯೂ ಕೂಗುತ್ತಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ದಾಟಿದ ಮೇಲೆ. ವೇಗ ತಗ್ಗಿಸಲು ಎಂಜಿನ್ನುಗಳನ್ನು ಹಿಮ್ಮುಖ ತಳ್ಳುವಿಕೆಗೆ ಹಾಕಿದ ಮೇಲೆ ಕ್ಯಾಪ್ಟನ್ ಮನಸ್ಸು ಬದಲಿಸಿ ಮತ್ತೆ ಹಾರಿಸಲು ನೋಡಿದರು. ಆಗ ಹೊತ್ತು ಮೀರಿತ್ತು. ಮರಳಿನ ಹಾಸು ದಾಟಿ, ದಾರಿ ತೋರುವ ಆಂಟೆನಾವನ್ನು ಹೊತ್ತಿದ್ದ ಕಾಂಕ್ರೀಟ್ ಕಟ್ಟೆಗೆ ಬಲ ರೆಕ್ಕೆ ಬಡಿದು, ವಿಮಾನ ಬೇಲಿ ಮುರಿದು ಕಮರಿಗೆ ಬಿತ್ತು. ಆಗ ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಮೊದಲು ಓಡಿಬಂದವರು ಕೆಂಜಾರಿನ ಜನ. ಉಳಿದವರು ಎಂಟು ಮಂದಿ. 158 ಜನ ತೀರಿಕೊಂಡರು.

ವಾಯುಸೇನೆಯ ಉಪ ಮುಖ್ಯಸ್ಥರಾಗಿ ನಿವೃತ್ತರಾದ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದಲ್ಲಿ ಸರ್ಕಾರ ತನಿಖಾ ನ್ಯಾಯಾಲಯ ರಚಿಸಿತು. ತನಿಖೆ ಶ್ರದ್ಧೆಯಿಂದ ನಡೆಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಅಸ್ಥಿರವಾದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೆ ಹೋದದ್ದೇ ನೇರ ಕಾರಣ ಎಂದು ವರದಿ ಹೇಳಿತು. ದೀರ್ಘ ನಿದ್ದೆಯ ಮಂಪರು, ರೇಡಾರ್ ಇಲ್ಲದ್ದರಿಂದ ತಡವಾದ ಇಳಿಕೆ ಇವು ಪೂರಕ ಕಾರಣಗಳಾದವು. ಗಟ್ಟಿ ಕಾಂಕ್ರೀಟ್ ಕಟ್ಟೆ, ಹಿಡಿದು ನಿಲ್ಲಿಸಬೇಕಿದ್ದ ಮರಳಿನ ಹಾಸಿನ ಸ್ಥಿತಿ, ಸ್ವತಂತ್ರ ಸುರಕ್ಷತಾ ಮಂಡಳಿಯ ಅಗತ್ಯ ಮುಂತಾದವು ಶಿಫಾರಸುಗಳ ಭಾಗಕ್ಕೆ ಹೋದವು.

ಪೈಲಟ್ ತಪ್ಪು ಮಾಡಿದ್ದು ಸಾಬೀತಾದ ಮೇಲೆ ಇಲಾಖೆಯನ್ನು ಏಕೆ ಎಳೆದು ತರಬೇಕು ಎಂದು ಕೇಳುವವರಿದ್ದಾರೆ. ನಿಯಮದಂತೆ ಇಳಿಸಿದ್ದರೆ ಆ ರನ್‌ವೇ 737ಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು. ತಡವಾಗಿ ನೆಲ ಮುಟ್ಟಿದ ಮೇಲೂ ಹಿಡಿದ ಬ್ರೇಕ್ ಬಿಡದಿದ್ದರೆ ರನ್‌ವೇಯ ಮೇಲೆಯೇ ನಿಲ್ಲಿಸಬಹುದಿತ್ತು ಎಂದು ತನಿಖೆಯೇ ಕಂಡುಕೊಂಡಿದೆ. ಇದನ್ನು ಒಪ್ಪಲೇಬೇಕು. ಆದರೆ ಸುರಕ್ಷತಾ ಪ್ರದೇಶ ಇರುವುದು ಸರಿಯಾಗಿ ಇಳಿಸಿದ ವಿಮಾನಕ್ಕಲ್ಲ. ತಪ್ಪು ಮಾಡಿದ, ಬ್ರೇಕ್ ಹಿಡಿಯದ, ಟೈರು ಒಡೆದ ವಿಮಾನಕ್ಕಾಗಿಯೇ ಆ ಜಾಗ, ಆ ಮರಳು, ತಾಗಿದರೆ ಮುರಿದು ಬೀಳಬೇಕಾದ ಆ ಕಂಬ. ಅಪಘಾತಗಳ ಅಧ್ಯಯನದಲ್ಲಿ ಇದೊಂದು ಹಳೆಯ ಚರ್ಚೆ. ಕೊನೆಯ ಕ್ಷಣದಲ್ಲಿ ಕೈ ಜಾರಿದವನಲ್ಲಿ ಕಾರಣ ಹುಡುಕುವವರು ಒಂದು ಕಡೆ. ಜೇಮ್ಸ್ ರೀಸನ್ ಅವರಂತೆ, ಸಂಸ್ಥೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದ ಲೋಪಗಳು ಒಂದೇ ಗೆರೆಗೆ ಬಂದಾಗ ಅಪಘಾತವಾಗುತ್ತದೆ ಎನ್ನುವವರು ಇನ್ನೊಂದು ಕಡೆ. ಮಂಗಳೂರಿನ ಮಟ್ಟಿಗೆ ಎರಡೂ ನಿಜ. ಕ್ಯಾಪ್ಟನ್ ತಪ್ಪು ವಿಮಾನವನ್ನು ರನ್‌ವೇಯ ಅಂಚಿಗೆ ತಂದಿತು. ಅಂಚಿನಿಂದ ಆಚೆಗೆ ಏನಾಯಿತು ಎಂಬುದಕ್ಕೆ ಬೇರೆಯವರು ಉತ್ತರ ಹೇಳಬೇಕಿತ್ತು, ಅವರನ್ನು ಹೆಸರು ಹಿಡಿದು ಯಾರೂ ಕೇಳಲಿಲ್ಲ.

ಏಕೆ ಕೇಳಲಿಲ್ಲ ಎಂಬುದು ತಿಳಿಯಬೇಕಾದರೆ ಅಂದು ಯಾರು ಯಾರ ಕೈಕೆಳಗಿದ್ದರು ಎಂದು ನೋಡಬೇಕು. ವಿಮಾನ ಕಂಪನಿ ಸರ್ಕಾರದ್ದು. ರನ್‌ವೇ ಕಟ್ಟಿ ನಡೆಸುತ್ತಿದ್ದ ವಿಮಾನ ನಿಲ್ದಾಣ ಪ್ರಾಧಿಕಾರ ಸರ್ಕಾರದ್ದು. ರೇಡಾರ್ ಮತ್ತು ಸಂಚಾರ ನಿಯಂತ್ರಣ ಅದೇ ಪ್ರಾಧಿಕಾರದ್ದು. ರನ್‌ವೇಗೆ ಪರವಾನಗಿ ಕೊಟ್ಟ, ಪೈಲಟ್‌ಗಳ ಮೇಲೆ ಕಣ್ಣಿಡಬೇಕಾದ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಸಚಿವಾಲಯದ ಅಂಗ. ತನಿಖಾ ನ್ಯಾಯಾಲಯವನ್ನು 1937ರ ವಿಮಾನ ನಿಯಮಗಳ 75ನೇ ನಿಯಮದಡಿ ನೇಮಿಸಿದ್ದೂ ಸರ್ಕಾರ, ವರದಿಯನ್ನು ಕೈಗೆ ತೆಗೆದುಕೊಂಡದ್ದೂ ಅದೇ ಸಚಿವಾಲಯ. ಒಂದೇ ಸೂರಿನಡಿ ಆಟಗಾರ, ಮೈದಾನದ ಯಜಮಾನ, ತೀರ್ಪುಗಾರ, ಮೇಲ್ಮನವಿ ಕೇಳುವವ ಎಲ್ಲರೂ. ಅಲ್ಲಿ ಕೂತ ಅಧಿಕಾರಿಗಳು ದುಷ್ಟರಾಗಿದ್ದರು ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಆ ಅನುಮಾನವೂ ಇಲ್ಲ. ಆದರೆ ಇಂಥ ಮನೆಯಲ್ಲಿ ಒಬ್ಬ ಇನ್ನೊಬ್ಬನನ್ನು ಗಟ್ಟಿಯಾಗಿ ಪ್ರಶ್ನಿಸುವ ಕಾರಣವೇ ಹುಟ್ಟುವುದಿಲ್ಲ. ಸತ್ತುಹೋದ ಪೈಲಟ್ ಮಾತ್ರ ಆ ಸೂರಿನ ಹೊರಗಿದ್ದ.

ರಾಜಕಾರಣಿಗಳು ಕೈಹಾಕದೆ ಬಿಟ್ಟಿದ್ದೇ ತೊಂದರೆ, ಅವರು ಗಟ್ಟಿಯಾಗಿ ನಿಂತರೆ ಸರಿಹೋಗುತ್ತದೆ ಎನ್ನುವವರಿಗೆ ಬೆಂಗಳೂರೇ ಹಳೆಯ ಪಾಠವೊಂದನ್ನು ಇಟ್ಟುಕೊಂಡಿದೆ. 1990ರ ಫೆಬ್ರುವರಿ 14ರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚಹೊಸ ಏರ್‌ಬಸ್ ಎ-320, ಎಚ್‌ಎಎಲ್ ರನ್‌ವೇ ತಲುಪದೆ ಪಕ್ಕದ ಗಾಲ್ಫ್ ಮೈದಾನಕ್ಕೆ ಬಿತ್ತು. 146 ಜನರಲ್ಲಿ 92 ಮಂದಿ ಸತ್ತರು. ಎಂಜಿನ್ನುಗಳು ತೀರಾ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದವು; ಕಾಕ್‌ಪಿಟ್‌ನ ಯಂತ್ರಧ್ವನಿ ನಾನೂರು, ಮುನ್ನೂರು, ಇನ್ನೂರು ಎಂದು ಉಳಿದ ಅಡಿಗಳನ್ನು ಎಣಿಸುತ್ತಿತ್ತು; ಪೈಲಟ್‌ಗಳು ಶಕ್ತಿ ಏರಿಸುವ ಹೊತ್ತಿಗೆ ನೆಲ ಬಂದಿತ್ತು. ವಿ.ಪಿ. ಸಿಂಗ್ ಸರ್ಕಾರ ಬಂದು ಎರಡೂವರೆ ತಿಂಗಳಾಗಿತ್ತಷ್ಟೆ, ಅದೂ ಬೊಫೋರ್ಸ್ ಹಗರಣದ ಸಿಟ್ಟಿನ ಬೆನ್ನೇರಿ. ರಾಜೀವ್ ಗಾಂಧಿ ಕಾಲದಲ್ಲಿ ಬೋಯಿಂಗ್ 757 ಕಡೆ ವಾಲಿದ್ದ ಆಯ್ಕೆ ಏರ್‌ಬಸ್ ಕಡೆ ತಿರುಗಿದ್ದು ಹೇಗೆ ಎಂಬ ಅನುಮಾನ ಆಗಲೇ ಇತ್ತು. ಅಪಘಾತವಾಗಿ ವಾರ ಕಳೆಯುವ ಮೊದಲೇ ಸರ್ಕಾರ ಎಲ್ಲ ಎ-320ಗಳನ್ನೂ ನೆಲಕ್ಕಿಳಿಸಿತು. ಖರೀದಿಯ ಬಗ್ಗೆ ಸಿಬಿಐ ಪ್ರಕರಣ ದಾಖಲಾಯಿತು. ವಿಮಾನಗಳು ತಿಂಗಳುಗಟ್ಟಲೆ ಸುಮ್ಮನೆ ನಿಂತವು.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ತನಿಖೆ ಮುಂದೆ ಹೇಳಿದ್ದು ಬೇರೆಯನ್ನೇ. ವಿಮಾನ ಇಳಿಯುವ ವಿಧಾನ ತಪ್ಪಾಗಿದೆ ಎಂದು ತಿಳಿದ ಮೇಲೂ ಪೈಲಟ್‌ಗಳು ಅದರ ಗಂಭೀರತೆ ಅರಿತು ತಕ್ಷಣ ಶಕ್ತಿ ಏರಿಸಲಿಲ್ಲ ಎಂಬುದು ಸಂಭಾವ್ಯ ಕಾರಣವಾಯಿತು. ಹೊಸ ಬಗೆಯ ಕಾಕ್‌ಪಿಟ್ ಪೈಲಟ್‌ಗಳನ್ನು ದಾರಿ ತಪ್ಪಿಸಿತೇ, ತರಬೇತಿ ಸಾಲದಾಯಿತೇ ಎಂಬ ಬಗ್ಗೆ ಪೈಲಟ್‌ಗಳ ಸಂಘಕ್ಕೂ ತಯಾರಕರಿಗೂ ನಡುವೆ ವಾದ ಬಹಳ ಕಾಲ ನಡೆಯಿತು. ನನ್ನ ಮಟ್ಟಿಗೆ ಮುಖ್ಯವಾದದ್ದು ಇನ್ನೊಂದು. ವಿಮಾನವನ್ನು ನೆಲಕ್ಕಿಳಿಸುವ ತೀರ್ಮಾನ ಡಿಜಿಸಿಎಯ ಎಂಜಿನಿಯರುಗಳ ಅಧ್ಯಯನದಿಂದ ಹೊರಡಬೇಕಿತ್ತು, ಆದರೆ ಸಂಪುಟದ ಮಟ್ಟದಲ್ಲಿ ಹುಟ್ಟಿತು. ಹಿಂದಿನ ಸರ್ಕಾರದಲ್ಲಿ ಅದೇ ಡಿಜಿಸಿಎ ಇದೇ ವಿಮಾನಕ್ಕೆ ಹಾರಲು ಅನುಮತಿ ಕೊಟ್ಟಿತ್ತು. ಹೊಸ ಸರ್ಕಾರದಲ್ಲಿ ಅದೇ ಕಚೇರಿ ಅದರ ನಿಲುಗಡೆಗೂ ಒಪ್ಪಿತು. ಎರಡೂ ಸಲ ಅದು ತನ್ನದೇ ಮಾತು ಆಡಿತೇ ಎಂದು ಪ್ರಜೆಗಳು ಹೇಗೆ ತಿಳಿಯಬೇಕು? ನಂಬಿಕೆ ಉಳಿಯದ ಕಡೆ ಸರಿಯಾದ ತೀರ್ಮಾನವೂ ರಾಜಕೀಯದ ವಾಸನೆ ಹೊಡೆಯುತ್ತದೆ. 1990ರಲ್ಲಿ ರಾಜಕಾರಣ ಮುಂದೆ ನಿಂತು ನಿಯಂತ್ರಕರನ್ನು ಮರೆಮಾಡಿತು. 2010ರಲ್ಲಿ ನಿಯಂತ್ರಕರು ಕಡತದ ಹಿಂದೆ ನಿಂತು ರಾಜಕಾರಣವನ್ನು ಮರೆಮಾಡಿದರು. ವ್ಯವಸ್ಥೆಯ ಕಟ್ಟೋಣ ಎರಡು ಸಲವೂ ಒಂದೇ ಆಗಿತ್ತು.

ರಾಜೀನಾಮೆಯ ವಿಷಯವನ್ನೂ ಇಲ್ಲೇ ಹೇಳಬೇಕು. 1956ರ ನವೆಂಬರಿನಲ್ಲಿ ಅರಿಯಲೂರಿನ ರೈಲು ದುರಂತದ ನಂತರ ಲಾಲ್ ಬಹಾದುರ್ ಶಾಸ್ತ್ರಿ ರೈಲ್ವೆ ಖಾತೆ ಬಿಟ್ಟರು. ತಪ್ಪು ಅವರದೆಂದಲ್ಲ, ಸಾಂವಿಧಾನಿಕ ಔಚಿತ್ಯಕ್ಕೆ ಮಾದರಿಯಾಗಲೆಂದು ಇದನ್ನು ಒಪ್ಪುತ್ತಿರುವುದಾಗಿ ನೆಹರು ಸಂಸತ್ತಿಗೆ ತಿಳಿಸಿದರು. 1993ರ ಜನವರಿಯಲ್ಲಿ ದೆಹಲಿಯಲ್ಲಿ, ಬಾಡಿಗೆಗೆ ತಂದ ಉಜ್ಬೆಕ್ ಟುಪೊಲೆವ್ ವಿಮಾನ ಮಗುಚಿ ಸುಟ್ಟುಹೋದಾಗ ಒಬ್ಬರೂ ಸಾಯಲಿಲ್ಲ. ಆದರೂ ಮಾಧವರಾವ್ ಸಿಂಧಿಯಾ ನಾಗರಿಕ ವಿಮಾನಯಾನ ಖಾತೆಗೆ ರಾಜೀನಾಮೆ ಕೊಟ್ಟರು. ಬಜ್ಪೆ ದುರಂತದ ನಂತರ ಪ್ರಫುಲ್ ಪಟೇಲ್ ನೈತಿಕ ಹೊಣೆ ಹೊತ್ತು ರಾಜೀನಾಮೆಗೆ ಮುಂದಾದರು, ಪ್ರಧಾನಿ ಒಪ್ಪಲಿಲ್ಲ. ಈ ಮೂವರ ನಡತೆಯಲ್ಲಿ ಘನತೆ ಇದೆ. ಆದರೆ ಬ್ರಿಟನ್ನಿನಲ್ಲೇ, ಈ ಸಂಪ್ರದಾಯ ಹುಟ್ಟಿದಲ್ಲೇ, ಕಚೇರಿಯವರ ತಪ್ಪಿಗೆ ಸಚಿವ ಹೋದದ್ದಕ್ಕೆ ಉದಾಹರಣೆಯಾಗಿ ಹೇಳುವ 1954ರ ಕ್ರಿಚೆಲ್ ಡೌನ್ ಪ್ರಕರಣದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಚಿವ ಥಾಮಸ್ ಡಗ್‌ಡೇಲ್ ಹೋದದ್ದು ತತ್ವಕ್ಕಲ್ಲ, ಸ್ವಂತ ಪಕ್ಷದವರ ಒತ್ತಡಕ್ಕೆ ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ. ನಮ್ಮಲ್ಲಿ ನೈತಿಕ ಹೊಣೆ ಎಂಬ ಮಾತು ಬಳಕೆಗೆ ಬಂದಷ್ಟೂ ಆಡಳಿತದ ಹೊಣೆ ಹಿಂದೆ ಸರಿಯಿತು ಎಂದು ನನಗೆ ಅನಿಸುತ್ತದೆ. ಸಚಿವ ಹೋದರೆ ದುಃಖಕ್ಕೆ ಒಂದು ಮುಖ ಸಿಗುತ್ತದೆ. ಮರಳಿನ ಹಾಸನ್ನು ನೋಡಿಕೊಳ್ಳಬೇಕಿದ್ದವರು ಯಾರು, ಕಾಂಕ್ರೀಟ್ ಕಟ್ಟೆಯನ್ನು ಒಪ್ಪಿ ಸಹಿ ಹಾಕಿದವರು ಯಾರು ಎಂಬ ಪ್ರಶ್ನೆ ಅಲ್ಲಿಗೇ ಮುಗಿದುಬಿಡುತ್ತದೆ.

ಬಜ್ಪೆಯ ನಂತರ ಬದಲಾವಣೆ ಬರಲೇ ಇಲ್ಲ ಎಂದರೆ ತಪ್ಪಾಗುತ್ತದೆ. ದುರಂತದ ಬೆನ್ನಲ್ಲೇ ಸುರಕ್ಷತಾ ಸಲಹಾ ಸಮಿತಿಯೊಂದು ರಚನೆಯಾಯಿತು. 2012ರ ಜುಲೈನಲ್ಲಿ ವಿಮಾನ ಅಪಘಾತ ತನಿಖಾ ದಳ ಬಂತು. ಪರವಾನಗಿ ಕೊಡುವ ಡಿಜಿಸಿಎಯೇ ಅಪಘಾತವನ್ನೂ ತನಿಖೆ ಮಾಡುತ್ತಿದ್ದ ಅಸಂಗತ ಪದ್ಧತಿ ಕಾಗದದ ಮೇಲಾದರೂ ಕೊನೆಗೊಂಡಿತು. ಆದರೆ ಹೊಸ ದಳ ಕೂತದ್ದು ಅದೇ ಸಚಿವಾಲಯದ ಕೈಕೆಳಗೆ. 2013ರ ಆಗಸ್ಟಿನಲ್ಲಿ ಡಿಜಿಸಿಎಗೆ ಬದಲಾಗಿ ಸ್ವಂತ ಹಣ, ಸ್ವಂತ ನೇಮಕದ ನಾಗರಿಕ ವಿಮಾನಯಾನ ಪ್ರಾಧಿಕಾರ ರಚಿಸುವ ಮಸೂದೆ ಲೋಕಸಭೆಗೆ ಬಂತು. ಮರುವರ್ಷ ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು.

ಈ ನಡುವೆ ನಡೆದ ಒಂದು ಸಂಗತಿ ನನಗೆ ಇಡೀ ಕಥೆಯಲ್ಲೇ ಅತ್ಯಂತ ನೋವಿನದಾಗಿ ಕಾಣುತ್ತದೆ. ನಮ್ಮ ಡಿಜಿಸಿಎಯಲ್ಲಿ ವಿಮಾನ ಕಾರ್ಯಾಚರಣೆ ತಪಾಸಣೆಗೆ ಬೇಕಾದಷ್ಟು ಕಾಯಂ ಪರಿಣತರಿರಲಿಲ್ಲ. ವಿಮಾನ ಕಂಪನಿಗಳಿಂದಲೇ ಎರವಲು ತಂದ ಪೈಲಟ್‌ಗಳು ಕಂಪನಿಗಳನ್ನು ತಪಾಸಿಸುವ ಸ್ಥಿತಿ ಇತ್ತು. ಒಳಗಿನವರು ಇದನ್ನು ಹೇಳಿದರು, ಸಮಿತಿಗಳು ಬರೆದವು, ಹುದ್ದೆಗಳು ಮಂಜೂರಾಗಲಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ನಮ್ಮ ವ್ಯವಸ್ಥೆಯನ್ನು ಪರಿಶೀಲಿಸಿ ದರ್ಜೆ ಇಳಿಸುವ ಎಚ್ಚರಿಕೆ ಕೊಟ್ಟ ಮೇಲೆ, 2014ರ ಜನವರಿ 20ರಂದು ಕೇಂದ್ರ ಸಂಪುಟ 75 ಪೂರ್ಣಾವಧಿ ತಪಾಸಕರ ನೇಮಕಕ್ಕೆ ಒಪ್ಪಿಗೆ ಕೊಟ್ಟಿತು. ಆದರೂ ಜನವರಿ 31ರಂದು ಭಾರತ ಎರಡನೇ ದರ್ಜೆಗೆ ಇಳಿಯಿತು. ನಮ್ಮ ಕಂಪನಿಗಳು ಅಮೆರಿಕಕ್ಕೆ ಹೊಸ ವಿಮಾನ ಓಡಿಸುವಂತಿರಲಿಲ್ಲ. ಮೊದಲ ದರ್ಜೆ ಮರಳಿ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. 158 ಜನರ ಸಾವಿನ ನಂತರ ಮೂರೂವರೆ ವರ್ಷ ಹಣಕಾಸಿನ ಟಿಪ್ಪಣಿಗಳ ನಡುವೆ ಓಡಾಡಿದ ವಿಷಯವನ್ನು ಪರದೇಶದ ಒಂದು ಕಚೇರಿಯ ಎಚ್ಚರಿಕೆ ಬಹು ಬೇಗ ಸಂಪುಟದ ಮೇಜಿಗೆ ತಂದಿತು. ಅಂದರೆ ನಮ್ಮ ಅಧಿಕಾರಶಾಹಿಗೆ ಬೇಗ ಕೆಲಸ ಮಾಡುವ ಶಕ್ತಿ ಇದ್ದೇ ಇದೆ. ಉತ್ತರ ಹೇಳಲೇಬೇಕಾದ ಒಬ್ಬರು ಎದುರಿಗಿದ್ದರೆ ಅದು ಕೆಲಸ ಮಾಡುತ್ತದೆ. ಬಜ್ಪೆಯ ಕುಟುಂಬಗಳಿಗೆ, ಕೊನೆಗೆ ನಮ್ಮ ಸಂಸತ್ತಿಗೂ, ಆ ಸ್ಥಾನ ಇರಲಿಲ್ಲ. ಆ ಕುಟುಂಬಗಳು ಪರಿಹಾರಕ್ಕಾಗಿ ಸರ್ಕಾರದ ಕಂಪನಿಯ ವಿರುದ್ಧವೇ ವರ್ಷಗಟ್ಟಲೆ ನ್ಯಾಯಾಲಯ ಅಲೆದವು. ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಮೇ ತಿಂಗಳಲ್ಲಿ, ದುರಂತಕ್ಕೆ ಹತ್ತು ವರ್ಷ ತುಂಬುವಾಗ.

ಅದಾಗಿ ಮೂರು ತಿಂಗಳೂ ಕಳೆದಿರಲಿಲ್ಲ. 2020ರ ಆಗಸ್ಟ್ 7ರ ಮಳೆಯ ರಾತ್ರಿ ಕೋಯಿಕ್ಕೋಡಿನ ಟೇಬಲ್‌ಟಾಪ್ ರನ್‌ವೇ ದಾಟಿ ಅದೇ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಇನ್ನೊಂದು 737 ಕೆಳಕ್ಕೆ ಬಿತ್ತು. ಅದೂ ದುಬೈಯಿಂದ ಬಂದದ್ದು. 190 ಜನರಲ್ಲಿ 21 ಮಂದಿ ಸತ್ತರು. ಮಂಗಳೂರಿನ ನಂತರ ರಚನೆಯಾದ ಸಲಹಾ ಸಮಿತಿಯ ಸದಸ್ಯ ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರಲ್ಲೇ ಕೋಯಿಕ್ಕೋಡಿನ ರನ್‌ವೇ ಅಪಾಯಕಾರಿ, ಮಳೆಯಲ್ಲಿ ಅಲ್ಲಿ ಇಳಿಸಬಾರದು ಎಂದು ಬರೆದು ಕೊಟ್ಟಿದ್ದರು. ತನಿಖಾ ದಳದ ವರದಿ 2021ರ ಸೆಪ್ಟೆಂಬರಿನಲ್ಲಿ ಬಂತು. ಪೈಲಟ್ ನಿಯಮ ಮೀರಿ ಅಸ್ಥಿರ ಇಳಿಕೆ ಮುಂದುವರಿಸಿದ್ದು, ರನ್‌ವೇಯ ನಡುವಿನ ತನಕ ಹೋಗಿ ನೆಲ ಮುಟ್ಟಿದ್ದು ಸಂಭಾವ್ಯ ಕಾರಣ ಎಂದಿತು. ಜೊತೆಗೆ, ವ್ಯವಸ್ಥೆಯ ಲೋಪಗಳ ಪಾತ್ರವನ್ನು ಕಡೆಗಣಿಸುವಂತಿಲ್ಲ ಎಂದೂ ಬರೆಯಿತು. ಈ ಕೊನೆಯ ವಾಕ್ಯ ಬಜ್ಪೆಯ ಕಾಲಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು, ಅದನ್ನು ಬರೆದವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಹಾಗಾದರೆ ಡಿಜಿಸಿಎಯನ್ನು ಸಚಿವಾಲಯದಿಂದ ಪೂರ್ತಿ ಬಿಡಿಸಿದರೆ ಸಾಕೇ? ಗಂಭೀರವಾದ ಆಕ್ಷೇಪ ಇರುವುದು ಇಲ್ಲಿ. ಚುನಾಯಿತ ಸಚಿವರ ಹಿಡಿತ ತಪ್ಪಿದ ನಿಯಂತ್ರಕ ಯಾರಿಗೂ ಉತ್ತರ ಹೇಳದ ಇನ್ನೊಂದು ಕೋಟೆಯಾಗಬಹುದು, ಅಥವಾ ಯಾವ ಕಂಪನಿಗಳನ್ನು ಕಾಯಬೇಕೋ ಅವುಗಳ ಮಡಿಲಿಗೇ ಬೀಳಬಹುದು. ಅಮೆರಿಕದ ಎಫ್‌ಎಎ ಬೋಯಿಂಗ್ 737 ಮ್ಯಾಕ್ಸ್ ವಿಷಯದಲ್ಲಿ ಪರಿಶೀಲನೆಯ ದೊಡ್ಡ ಭಾಗವನ್ನು ಬೋಯಿಂಗ್‌ನವರಿಗೇ ಬಿಟ್ಟುಕೊಟ್ಟಿತ್ತು. 2018 ಮತ್ತು 2019ರ ಎರಡು ದುರಂತಗಳಲ್ಲಿ 346 ಜನ ಸತ್ತರು. ಇದನ್ನು ಮರೆತು ಸ್ವಾತಂತ್ರ್ಯ ಎಂಬ ಶಬ್ದವನ್ನು ಮಂತ್ರದಂತೆ ಜಪಿಸುವುದರಲ್ಲಿ ಅರ್ಥವಿಲ್ಲ. ಆದರೆ ಅಲ್ಲಿ ಮುಂದೇನಾಯಿತು ಎಂಬುದನ್ನೂ ನೋಡಬೇಕು. ಅಮೆರಿಕದ ಸಂಸತ್ತಿನ ಸಮಿತಿ ಎಫ್‌ಎಎ ಮುಖ್ಯಸ್ಥರನ್ನೂ ಬೋಯಿಂಗ್ ಮುಖ್ಯಸ್ಥರನ್ನೂ ಬಹಿರಂಗವಾಗಿ ಕೂರಿಸಿ ಪ್ರಶ್ನಿಸಿತು, ಒಳಗಿನ ಇಮೇಲ್‌ಗಳನ್ನು ತರಿಸಿಕೊಂಡಿತು, 2020ರ ಸೆಪ್ಟೆಂಬರಿನಲ್ಲಿ ತನ್ನ ವರದಿ ಪ್ರಕಟಿಸಿತು, ವರ್ಷ ಮುಗಿಯುವುದರೊಳಗೆ ಹೊಸ ಕಾನೂನು ಬಂತು. ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ ಎಫ್‌ಎಎಯ ಕೈಕೆಳಗಿಲ್ಲ, ಆ ದೇಶದ ಸಾರಿಗೆ ಇಲಾಖೆಯ ಕೈಕೆಳಗೂ ಇಲ್ಲ. ತಪ್ಪು ಅಲ್ಲೂ ಆಯಿತು, ಭೀಕರವಾಗಿಯೇ ಆಯಿತು. ಆದರೆ ಯಾರು ಯಾವಾಗ ಯಾವ ಕಾಗದಕ್ಕೆ ಒಪ್ಪಿದರು ಎಂದು ಹುಡುಕುವ ದಾರಿ ತೆರೆದಿತ್ತು. ನಾನು ಕೇಳುವುದು ಈ ದಾರಿಯನ್ನು. ಮಹಾನಿರ್ದೇಶಕರಿಗೆ ನಿಗದಿತ ಅವಧಿ ಇರಲಿ. ಸಚಿವರು ಸೂಚನೆ ಕೊಡುವುದಾದರೆ ಬರವಣಿಗೆಯಲ್ಲಿ ಕೊಡಲಿ, ಅದು ಸದನದ ಮುಂದೆ ಬರಲಿ. ಶಿಫಾರಸನ್ನು ತಳ್ಳಿಹಾಕುವ ಅಧಿಕಾರಿ ಕಾರಣ ಬರೆದು ಹೆಸರು ಹಾಕಲಿ. ಸಚಿವರ ಅಧಿಕಾರವನ್ನು ಇದು ಕಿತ್ತುಕೊಳ್ಳುವುದಿಲ್ಲ, ಅದನ್ನು ಬೆಳಕಿಗೆ ತರುತ್ತದೆ ಅಷ್ಟೆ.

ವಿಮಾನ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಡಿಜಿಸಿಎಗೂ ಅಪಘಾತ ತನಿಖಾ ದಳಕ್ಕೂ ಮೊದಲ ಬಾರಿಗೆ ಕಾಯ್ದೆಯ ಆಧಾರ ಕೊಟ್ಟಿತು, ದಂಡದ ಮಿತಿಯನ್ನು ಹತ್ತು ಲಕ್ಷದಿಂದ ಒಂದು ಕೋಟಿಗೆ ಏರಿಸಿತು; ಆದರೆ ಎರಡೂ ಸಂಸ್ಥೆಗಳ ಮೇಲುಸ್ತುವಾರಿಯನ್ನು ಕೇಂದ್ರ ಸರ್ಕಾರದಲ್ಲೇ ಉಳಿಸಿತು. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಬಂದ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲೂ ಈ ಸಂಬಂಧ ಹಾಗೆಯೇ ಮುಂದುವರಿದಿದೆ. ಆ ಮಸೂದೆ ಸಂಸತ್ತಿಗೆ ಬಂದಾಗ ದಕ್ಷಿಣದ ಸಂಸದರ ದನಿ ಹೆಚ್ಚು ಕೇಳಿದ್ದು ಅದರ ಹಿಂದಿ ಹೆಸರಿನ ಬಗ್ಗೆ. ಆ ಆಕ್ಷೇಪಕ್ಕೆ ಅದರದೇ ನ್ಯಾಯವಿದೆ. ಆದರೆ ಅಪಘಾತವನ್ನು ತನಿಖೆ ಮಾಡುವವರು ಸಚಿವಾಲಯಕ್ಕೇ ಏಕೆ ಅಧೀನರಾಗಿರಬೇಕು ಎಂಬ ಪ್ರಶ್ನೆಗೂ ಅಷ್ಟೇ ಹೊತ್ತು ಸಿಕ್ಕಿದ್ದರೆ ಬಜ್ಪೆಯಿಂದ ಕೋಯಿಕ್ಕೋಡಿನ ತನಕ ಸತ್ತವರಿಗೆ ಒಂದಿಷ್ಟು ಗೌರವ ಸಂದಂತಾಗುತ್ತಿತ್ತು. ಅಹಮದಾಬಾದಿನಲ್ಲಿ 2025ರ ಜೂನ್ 12ರಂದು ಏರ್ ಇಂಡಿಯಾದ 787 ಬಿದ್ದು ನೆಲದ ಮೇಲಿದ್ದವರೂ ಸೇರಿ 260 ಜನ ಸತ್ತಾಗ ತನಿಖೆಗೆ ಹೋದದ್ದು ಇದೇ ದಳ.

ಮಂಗಳೂರಿನ ಕೂಳೂರು ಸೇತುವೆಯ ಆಚೆ, ತಣ್ಣೀರುಬಾವಿಯ ದಾರಿಯಲ್ಲಿ, ಫಲ್ಗುಣಿ ನದಿಯ ಪಕ್ಕ ಒಂದು ಸ್ಮಾರಕ ಉದ್ಯಾನವಿದೆ. ಗುರುತು ಸಿಗದೆ ಉಳಿದ ಹನ್ನೆರಡು ದೇಹಗಳನ್ನು ಮಣ್ಣು ಮಾಡಿದ್ದು ಆ ಕಡೆಯೇ. ಪ್ರತಿ ವರ್ಷ ಮೇ 22ರಂದು ಜಿಲ್ಲಾಡಳಿತದವರು ಅಲ್ಲಿ ಹೂವಿಟ್ಟು ನಮಿಸುತ್ತಾರೆ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಹೊಸಬರು ಬಂದು ಹೂವಿಡುತ್ತಾರೆ. ಬಜ್ಪೆಯ ನಿಲ್ದಾಣ 2020ರ ಅಕ್ಟೋಬರಿನಲ್ಲಿ ಖಾಸಗಿ ಕೈಗೆ ಹೋಗಿದೆ, ವಿಮಾನ ಕಂಪನಿಯೂ ಈಗ ಸರ್ಕಾರದ್ದಲ್ಲ. ರನ್‌ವೇಗೆ ಅನುಮತಿ ಕೊಡುವ ಕಚೇರಿ ಮತ್ತು ಅಪಘಾತವಾದರೆ ಕಾರಣ ಹುಡುಕುವ ಕಚೇರಿ, ಇವೆರಡು ಮಾತ್ರ ಇಂದಿಗೂ ಅದೇ ಸಚಿವಾಲಯಕ್ಕೆ ಕಡತ ಕಳಿಸುತ್ತವೆ.